ಫೂಟಿಗೆ 140 ಎಂದದ್ದು 233 ಆದದ್ದು ಹೇಗೆ: ವಡಗಾವಿಯ ಒಂದು ಹಂಚಿನ ಮನೆಯ ಚಾವಣಿ ಲೆಕ್ಕ

ಬೆಳಗಾವಿಯ ವಡಗಾವಿಯಲ್ಲಿ ನೇಕಾರ ಕುಟುಂಬವೊಂದರ ಹಂಚಿನ ಮನೆ. ಗೋಡೆಯಿಂದ ಗೋಡೆಗೆ 28 ಅಡಿ ಆಳ, 40 ಅಡಿ ಅಗಲ. 18 ಇಂಚು ದಪ್ಪದ ಗೋಡೆಯನ್ನು ಮಣ್ಣಿನ ಗಿಲಾವಿನಲ್ಲಿ ಕಲ್ಲಿಟ್ಟು ಕಟ್ಟಿದ್ದಾರೆ, ಹೊರಗೆ ಸಿಮೆಂಟ್ ಗಿಲಾವು. ಮುಂದಿನ ಖೋಲಿಯಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ರಸ್ತೆಗೆ ಸಮಾನಾಂತರವಾಗಿ ಓಡುವ ನೆತ್ತಿ, ಹಿಂದೆ ಮುಂದೆ ಎರಡು ಇಳಿಜಾರು, ಮೇಲೆ ಸುಮಾರು ಆರು ದಶಕದ ಮಂಗಳೂರು ಹಂಚು. ಮೂರು ಮಳೆಗಾಲದಿಂದ ಹಿಂದಿನ ಖೋಲಿ ಸೋರುತ್ತಿತ್ತು. ಪ್ರತಿ ವರ್ಷ ಹತ್ತಿಪ್ಪತ್ತು ಹಂಚು ಬದಲಿಸಿದರೂ ಸೋರುವುದು ನಿಲ್ಲಲಿಲ್ಲ.

ಗುತ್ತಿಗೆದಾರರು ಬಂದು ಕೆಳಗಿನಿಂದಲೇ ನೋಡಿ ಹೇಳಿದ ದರ ಹೀಗಿತ್ತು: “ಫೂಟಿಗೆ 140 ರೂಪಾಯಿ ಹಿಡೀರಿ ಅಣ್ಣಾರ, ಹಂಚು, ರೀಪು, ಕೂಲಿ ಎಲ್ಲಾ ಬಂತು.” ರೀಪು ಎಂದರೆ ಹಂಚು ಕೂಡ್ರಿಸುವ ಅಡ್ಡ ಮರದ ಪಟ್ಟಿ. ಮನೆಯವರು 28ನ್ನು 40ರಿಂದ ಗುಣಿಸಿ 1,120 ಚದರಡಿ ಎಂದರು, 1,56,800 ರೂಪಾಯಿ ಜೋಡಿಸಿಟ್ಟರು. ಕೆಲಸ ಮುಗಿದಾಗ ಆದ ಖರ್ಚು 2,60,800. ನಡುವಿನ 1,04,000 ರೂಪಾಯಿ ಎಲ್ಲಿಂದ ಬಂತು, ಅದನ್ನು ಮೊದಲೇ ಕಾಣಬಹುದಿತ್ತೇ ಎಂಬುದೇ ಈ ಪ್ರಕರಣದ ವಿಷಯ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಅಳತೆ ತಪ್ಪಿತ್ತು, ಮತ್ತು ಹಂಚಿನ ಕೆಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ.

ಒಂದು ಮಾತು ಮೊದಲೇ: ಇಲ್ಲಿ ಬರುವ ದರಗಳು ಈ ಒಂದು ಕೆಲಸದವು. ಮರದ ಅಡ್ಡೆಯಿಂದ ಅಡ್ಡೆಗೆ, ಜನವರಿಯಿಂದ ಮೇ ತಿಂಗಳಿಗೆ ದರ ಬದಲಾಗುತ್ತದೆ. ಪ್ರಮಾಣಗಳು ಮಾತ್ರ ಬದಲಾಗುವುದಿಲ್ಲ. ನಿಮ್ಮ ಮನೆಯ ಅಳತೆ ಹಾಕಿ, ನಿಮ್ಮೂರ ದರ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಬಹುದು.

ಅಳತೆ

ಹಂಚು ಕೂಡುವುದು ಇಳಿಜಾರಿನ ಮೇಲೆ, ನೆಲದ ಮೇಲಲ್ಲ. ಜೊತೆಗೆ ಚಾವಣಿ ಗೋಡೆಯಿಂದ ಹೊರಗೂ ಚಾಚಿರುತ್ತದೆ. ಈ ಮನೆಗೆ ಹಿಂದೆ ಮುಂದೆ ಎರಡೆರಡು ಅಡಿ ಸೂರು, ಎರಡೂ ಪಕ್ಕದ ತ್ರಿಕೋನ ಗೋಡೆಗಳಾಚೆ ಒಂದೊಂದು ಅಡಿ ಚಾಚು. ಅಂದರೆ ಮೇಲಿನಿಂದ ನೋಡಿದರೆ ಚಾವಣಿ 32 ಅಡಿಗೆ 42 ಅಡಿ.

ಇನ್ನು ಇಳಿಜಾರು. ಗೋಡೆಯಿಂದ ನೆತ್ತಿಯ ನೇರಕ್ಕೆ 14 ಅಡಿ, ಗೋಡೆಯ ಮಟ್ಟದಿಂದ ನೆತ್ತಿಯ ಎತ್ತರ 8 ಅಡಿ. 14ರ ವರ್ಗ 196, 8ರ ವರ್ಗ 64, ಕೂಡಿಸಿದರೆ 260, ಅದರ ವರ್ಗಮೂಲ 16.1. ಹದಿನಾಲ್ಕು ಅಡಿಯ ಜಾಗಕ್ಕೆ ಹದಿನಾರಕ್ಕೂ ಮಿಕ್ಕ ಇಳಿಜಾರು, ಅಂದರೆ ಸುಮಾರು 1.15 ಪಟ್ಟು. ಸೂರಿನ ಎರಡು ಅಡಿಯನ್ನೂ ಸೇರಿಸಿದರೆ ಒಂದು ಇಳಿಜಾರಿನ ಉದ್ದ ಸುಮಾರು 18.5 ಅಡಿ. ಅದನ್ನು 42ರಿಂದ ಗುಣಿಸಿದರೆ 777, ಎರಡು ಕಡೆ ಸೇರಿ 1,554 ಚದರಡಿ. ಮನೆಯವರ ಮನಸ್ಸಿನಲ್ಲಿದ್ದ 1,120ಕ್ಕಿಂತ ಶೇ. 39 ಹೆಚ್ಚು.

ಗುತ್ತಿಗೆದಾರರು 140 ಎಂದದ್ದು ಈ 1,554ಕ್ಕೆ. ಮನೆಯವರು ಕೇಳಿಸಿಕೊಂಡದ್ದು 1,120ಕ್ಕೆ. 434 ಚದರಡಿಯ ಈ ಒಂದು ವ್ಯತ್ಯಾಸವೇ 60,760 ರೂಪಾಯಿ, ಒಟ್ಟು ಏರಿಕೆಯ ಅರ್ಧಕ್ಕಿಂತ ಹೆಚ್ಚು. ಚದರಡಿ ದರ ಕೇಳುವಾಗ “ಯಾವ ಅಳತೆಯ ಚದರಡಿ?” ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಏಣಿ ಹತ್ತುವ ಅಗತ್ಯವೂ ಇಲ್ಲ. ಒಂದು ಟೇಪು ಮತ್ತು ಮೊಬೈಲಿನ ಕ್ಯಾಲ್ಕ್ಯುಲೇಟರ್ ಇದ್ದರೆ ಮನೆಯೊಳಗಿನಿಂದಲೇ ಈ ಲೆಕ್ಕ ಆಗುತ್ತದೆ.

ಹಂಚಿನ ಕೆಳಗೆ

ಹಿಂಭಾಗದ ಹಂಚು ಇಳಿಸಿದ ಮೊದಲ ದಿನವೇ ಸೋರುವಿಕೆಯ ಕಾರಣ ಕಂಡಿತು. ಕೆಲವು ವರ್ಷಗಳ ಹಿಂದೆ ಹಿಂದಿನ ಗೋಡೆಗೆ ಅಂಟಿಸಿ ಬಚ್ಚಲು ಕಟ್ಟಿ, ಸೂರಿನ ಕೆಳಗೆ ಸಿಮೆಂಟ್ ಪತ್ರಾಸ್ (ಶೀಟು) ಹಾಕಿದ್ದರು. ಪತ್ರಾಸ್ ಮತ್ತು ಗೋಡೆಯ ನಡುವಿನ ಸಂದಿಗೆ ಬರೀ ಸಿಮೆಂಟ್ ತುಂಬಿದ್ದರು. ಬಿಸಿಲಿಗೆ ಪತ್ರಾಸ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಗೋಡೆ ಅಲ್ಲಾಡುವುದಿಲ್ಲ. ಅಂಥ ಸಂದಿಯ ಸಿಮೆಂಟ್ ಒಂದೆರಡು ವರ್ಷದಲ್ಲಿ ಕೂದಲೆಳೆಯಷ್ಟು ಬಿರಿಯುವುದು ಖಾತ್ರಿ. ಸೂರಿನ ನೀರು ಪತ್ರಾಸಿನ ಮೇಲೆ ಬಿದ್ದು, ಗೋಡೆಯ ಕಡೆ ಸಿಡಿದು, ಆ ಬಿರುಕಿನಲ್ಲಿ ಇಳಿಯುತ್ತಿತ್ತು. ಸಾಲದ್ದಕ್ಕೆ ಬಚ್ಚಲಿನ ಗೋಡೆ ಸೂರಿನ ಕೆಳಗಿನ ಗಾಳಿಯನ್ನೂ ಮುಚ್ಚಿತ್ತು, ಒದ್ದೆಯಾದ ಮರ ಒಣಗುವ ದಾರಿಯೇ ಇರಲಿಲ್ಲ.

ಪಕಾಸಿಗಳು, ಅಂದರೆ ನೆತ್ತಿಯ ತೊಲೆಯಿಂದ ಗೋಡೆಯತ್ತ ಇಳಿಯುವ ಓರೆ ಮರಗಳು, ಒಂದೊಂದು ಇಳಿಜಾರಿಗೆ 29 ಇವೆ, ಒಂದೂವರೆ ಅಡಿ ಅಂತರದಲ್ಲಿ. ಕೆಳಗೆ ನಿಂತು ನೋಡಿದಾಗ ಎಲ್ಲವೂ ಗಟ್ಟಿಯಾಗಿಯೇ ಕಂಡಿದ್ದವು, ಮೇಲೆ ಬಣ್ಣವೂ ಇತ್ತು. ಬಡಿಗೇರರು ಸ್ಕ್ರೂಡ್ರೈವರ್ ತೆಗೆದುಕೊಂಡು ಪ್ರತಿ ಪಕಾಸಿಯನ್ನು ಮೂರು ಜಾಗದಲ್ಲಿ ಚುಚ್ಚಿದರು: ನೆತ್ತಿಯ ಹತ್ತಿರ, ನಡುವೆ, ಗೋಡೆಯ ಮೇಲೆ ಕೂಡುವಲ್ಲಿ. ಗಟ್ಟಿ ಮರದಲ್ಲಿ ತುದಿ ಒಂದೆರಡು ನೂಲಿನಷ್ಟು, ಅಂದರೆ ಕಾಲಿಂಚಿನೊಳಗೆ, ಹೋಗಿ ನಿಲ್ಲುತ್ತದೆ. ಹಿಂಭಾಗದ 15 ಪಕಾಸಿಗಳಲ್ಲಿ ಗೋಡೆಯ ಮೇಲಿನ ಜಾಗದಲ್ಲಿ ತುದಿ ಒಂದೂವರೆ ಇಂಚು ಸಲೀಸಾಗಿ ಒಳಗೆ ಇಳಿಯಿತು, ಹೊರಗೆ ಎಳೆದಾಗ ಕಂದು ಬಣ್ಣದ ಒದ್ದೆ ಪುಡಿ ಅಂಟಿಕೊಂಡು ಬಂತು. ಮುಂಭಾಗದಲ್ಲಿ ಅಂಥವು ಎರಡೇ. ಪಕಾಸಿ ಕೂಡುವ ಅಡ್ಡ ಮರ ಹಿಂದಿನ ಗೋಡೆಯ ಉದ್ದಕ್ಕೂ ಟೊಳ್ಳಾಗಿತ್ತು, ಅದರ ಕೆಳಗಿನ ಮಣ್ಣಿನ ಗಿಲಾವು ಕೈಯಿಂದ ಕೆದಕಿದರೆ ಉದುರುತ್ತಿತ್ತು.

ಕೊಟೇಶನ್‌ನಲ್ಲಿ ಆರು ಪಕಾಸಿ ಹಿಡಿದಿದ್ದರು. ಬೇಕಾದದ್ದು 17. ಹೆಚ್ಚಿನ 11 ಪಕಾಸಿಗೆ 21,500, ಅಡ್ಡ ಮರಕ್ಕೆ 6,300, ಗೋಡೆಯ ನೆತ್ತಿ ಕಟ್ಟಲು 9,000, ಯಾರ ಲೆಕ್ಕದಲ್ಲೂ ಇರದಿದ್ದ ವೈರಿಂಗ್ ಬಿಚ್ಚಿ ಹಾಕಲು 6,500. ಒಟ್ಟು 43,300 ರೂಪಾಯಿ. ಇಳಿಜಾರಿನ 60,760ಕ್ಕೆ ಇದು ಸೇರಿದರೆ ನಡುವಿನ ಅಂತರ ಪೂರ್ತಿ ತುಂಬಿತು.

ಇದನ್ನು ಮೊದಲೇ ಕಾಣಲು ಅರ್ಧ ದಿನ ಸಾಕಿತ್ತು. ಕೊಟೇಶನ್ ಕೊಡುವ ಮುನ್ನ ಸೋರುವ ಕಡೆ ಸೂರಿನ ಎರಡು ಸಾಲು ಹಂಚನ್ನು ಮೂರು ನಾಲ್ಕು ಜಾಗದಲ್ಲಿ ಸರಿಸಿ, ಗೋಡೆಯ ಮೇಲಿನ ಮರವನ್ನು ಚುಚ್ಚಿ ನೋಡಬೇಕು. ಅದಕ್ಕೆ ಒಬ್ಬ ಬಡಿಗೇರರ ಅರ್ಧ ದಿನದ ಕೂಲಿ ಕೊಟ್ಟರೆ ನಷ್ಟವಿಲ್ಲ. ಹಂಚಿನ ಚಾವಣಿಯ ಮರ ನಡುವೆ ಕೊಳೆಯುವುದು ಅಪರೂಪ. ಗೋಡೆಗೆ ತಾಗುವಲ್ಲಿ, ನೆತ್ತಿಯಲ್ಲಿ, ಯಾರೋ ಹೊಸದಾಗಿ ಏನನ್ನೋ ಜೋಡಿಸಿದಲ್ಲಿ ಕೊಳೆಯುತ್ತದೆ.

ಖರ್ಚಿನ ಪಟ್ಟಿ

ಹಂಚು ಬಿಚ್ಚಿ ಇಳಿಸಿ, ತೊಳೆದು ಆರಿಸುವುದು, ಚದರಡಿಗೆ 12ರಂತೆ: 18,600
ಹೊಸ ಹಂಚು 1,200, ಒಂದಕ್ಕೆ 32ರಂತೆ: 38,400
ನೆತ್ತಿಯ ಹಂಚು 42, ಒಂದಕ್ಕೆ 70ರಂತೆ: 2,900
ಹಂಚಿನ ಲಾರಿ ಬಾಡಿಗೆ ಮತ್ತು ಹಮಾಲಿ: 6,000
ರೀಪು, 2×1 ಇಂಚು, 24 ಘನ ಅಡಿ, 1,500ರಂತೆ: 36,000
ಪಕಾಸಿ 17, 2×4 ಇಂಚು, 18 ಘನ ಅಡಿ, 1,900ರಂತೆ: 34,200
ಹಿಂದಿನ ಗೋಡೆಯ ಅಡ್ಡ ಮರ, 40 ಅಡಿ: 6,300
ಗೋಡೆ ನೆತ್ತಿಯ ಕಾಂಕ್ರೀಟ್ ಪಟ್ಟಿ ಮತ್ತು ಬಚ್ಚಲಿನ ಸಂದಿಯ ತಗಡು: 9,000
ಗೆದ್ದಲಿನ ಔಷಧ, ಗೇರೆಣ್ಣೆ: 7,500
ಬಡಿಗೇರರ ಕೆಲಸ ಮತ್ತು ಹಂಚು ಹೊದಿಸುವ ಕೂಲಿ, ಚದರಡಿಗೆ 45ರಂತೆ: 69,900
ನೆತ್ತಿ ಮತ್ತು ಅಂಚಿನ ಗಿಲಾವು: 8,000
ಮೊಳೆ, ತಂತಿ: 4,500
ತಾಡಪತ್ರಿ, ಅಟ್ಟಣಿಗೆ ಬಾಡಿಗೆ: 9,000
ರಾಡಿ, ಒಡೆದ ಹಂಚು ಸಾಗಿಸುವುದು: 4,000
ವೈರಿಂಗ್: 6,500

ಒಟ್ಟು 2,60,800. ಮನೆಯ 1,120 ಚದರಡಿಗೆ ಹಂಚಿದರೆ 233, ಚಾವಣಿಯ ನಿಜವಾದ 1,554ಕ್ಕೆ ಹಂಚಿದರೆ 168.

ಈ ಪಟ್ಟಿಯಲ್ಲಿ ಹಂಚಿನ ಬೆಲೆ ಎಷ್ಟು ನೋಡಿ. ನೆತ್ತಿಯ ಹಂಚೂ ಸೇರಿ 41,300, ಅಂದರೆ ಆರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮರಕ್ಕೆ 76,500, ಬಿಚ್ಚುವ ಮತ್ತು ಹೊದಿಸುವ ಕೂಲಿಗೆ 88,500. ಜನ ಚೌಕಾಶಿ ಮಾಡುವುದು ಮಾತ್ರ ಹಂಚಿನ ಬೆಲೆಯಲ್ಲಿ. ಒಂದು ಹಂಚಿಗೆ ಎರಡು ರೂಪಾಯಿ ಕಡಿಮೆ ಮಾಡಿಸಿದರೆ ಉಳಿಯುವುದು 2,400. ಒಣಗದ ಹಸಿ ಮರದ ರೀಪು ಹಾಕಿಸಿಕೊಂಡರೆ ಮೊದಲ ಬೇಸಿಗೆಯಲ್ಲೇ ಅದು ತಿರುಚಿಕೊಂಡು ಸಾಲು ಸಾಲೇ ಹಂಚು ಎದ್ದು ನಿಲ್ಲುತ್ತದೆ.

ಪಟ್ಟಿಯಲ್ಲಿ ಇಲ್ಲದ ಒಂದು ಖರ್ಚೂ ಇದೆ. ಕೆಲಸ ನಡೆದ ಹನ್ನೆರಡು ದಿನ ಮಗ್ಗಗಳು ನಿಂತಿದ್ದವು. ಚಾವಣಿ ಬಿಚ್ಚಿದಾಗ ಉದುರುವ ಮಣ್ಣು, ಹಂಚಿನ ಪುಡಿ ಮಗ್ಗಕ್ಕೆ ಏರಿಸಿದ ಹಾಸಿನ ನೂಲಿಗೆ ಬಿದ್ದರೆ ಇಡೀ ಹಾಸು ಹಾಳು, ಆದ್ದರಿಂದ ಎರಡು ಪದರ ಪ್ಲಾಸ್ಟಿಕ್ ಮತ್ತು ಮೇಲೊಂದು ತಾಡಪತ್ರಿ ಹೊದಿಸಿ ಕಟ್ಟಿದ್ದರು. ಮನೆಯಲ್ಲೇ ದುಡಿಮೆ ಇರುವವರು ಆ ದಿನಗಳ ಗಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂಭಾಗವನ್ನು ಪೂರ್ತಿ ಮುಗಿಸಿದ ಮೇಲೆಯೇ ಹಿಂಭಾಗ ಬಿಚ್ಚಿದ್ದರೆ ಮಗ್ಗ ಏಳೆಂಟು ದಿನಕ್ಕೇ ಶುರುವಾಗುತ್ತಿತ್ತು.

ಹಳೆಯ ಹಂಚು ಎಸೆಯಬೇಕೆ?

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ ಈ ಬಗೆಯ ಹಂಚು ಒಂದು ಚದರ ಮೀಟರಿಗೆ 15 ಬೇಕು, ನೂರು ಚದರಡಿಗೆ ಸುಮಾರು 140. ಈ ಮನೆಯಿಂದ ಇಳಿದದ್ದು ಸುಮಾರು 2,180. ಚೆನ್ನಾಗಿ ಸುಟ್ಟ ಹಂಚಿಗೆ ಅರವತ್ತು ವರ್ಷ ದೊಡ್ಡ ವಯಸ್ಸೇನಲ್ಲ. ಪರೀಕ್ಷೆ ಸುಲಭ: ಹಂಚನ್ನು ಒಂದು ಕೈಯಲ್ಲಿ ತೂಗಾಡುವಂತೆ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಬೇಕು. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಬಿರುಕಿದೆ. ಆಮೇಲೆ ಬೆನ್ನು ನೋಡಬೇಕು. ರೀಪಿಗೆ ಸಿಕ್ಕಿಸುವ ಗುಬ್ಬಿ ಮುರಿದಿದ್ದರೆ ಅದು ಮಳೆಗಾಲದಲ್ಲಿ ಜಾರುವ ಹಂಚು. ಮೇಲ್ಮೈ ಪದರ ಪದರವಾಗಿ ಏಳುತ್ತಿದ್ದರೆ ನೀರು ಕುಡಿಯುವ ಹಂಚು. ಈ ಪರೀಕ್ಷೆ ದಾಟಿದ್ದು 1,250.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಹಳೆಯ ಹಂಚು, ಹೊಸ ಹಂಚನ್ನು ಒಂದೇ ಇಳಿಜಾರಿನಲ್ಲಿ ಬೆರೆಸುವುದು. ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಕೆಲವು ಮಿಲಿಮೀಟರ್ ಬೇರೆ. ಪಕ್ಕದ ಹಂಚಿನ ತೋಡಿನಲ್ಲಿ ಏಣು ಪೂರ್ತಿ ಕೂಡದಿದ್ದರೆ ಕಣ್ಣಿಗೆ ಕಾಣದ ಸಂದಿ ಉಳಿಯುತ್ತದೆ, ಗಾಳಿ ಸಹಿತ ಮಳೆಯಲ್ಲಿ ಅಲ್ಲಿಂದ ನೀರು ಒಳಗೆ ನುಗ್ಗುತ್ತದೆ. ಈ ಮನೆಯವರು ಪ್ರತಿ ವರ್ಷ ಬಿಡಿ ಹಂಚು ತಂದು ಸಿಕ್ಕಿಸಿದರೂ ಸೋರುವುದು ನಿಲ್ಲದಿರಲು ಇದೂ ಒಂದು ಕಾರಣ. ಆದ್ದರಿಂದ ಹಿಂಭಾಗದ 777 ಚದರಡಿಗೆ ಪೂರ್ತಿ ಹಳೆಯ ಹಂಚು, ಸುಮಾರು 1,090. ಮುಂಭಾಗಕ್ಕೆ ಪೂರ್ತಿ ಹೊಸದು, ಒಡೆಯುವುದು ಕತ್ತರಿಸುವುದು ಸೇರಿ 1,200. ಉಳಿದ 160 ಹಳೆಯ ಹಂಚನ್ನು ಮುಂದಿನ ರಿಪೇರಿಗೆ ಮನೆಯ ಪಕ್ಕದಲ್ಲಿ ನಿಲ್ಲಿಸಿಟ್ಟರು. ಹೀಗೆ ಸುಮಾರು 1,100 ಹೊಸ ಹಂಚಿನ ಬೆಲೆ, ಅಂದರೆ 35,000ದಷ್ಟು ಉಳಿಯಿತು.

ಹೊಸ ಹಂಚು ಹೊದಿಸುವಾಗ ರೀಪಿನ ಅಂತರವನ್ನು ಹಳೆಯ ಗುರುತಿನ ಮೇಲೆ ಹಾಕಬಾರದು. ಬಂದ ಹಂಚಿನಲ್ಲಿ ಹತ್ತನ್ನು ನೆಲದ ಮೇಲೆ ಒಂದಕ್ಕೊಂದು ಸಿಕ್ಕಿಸಿ ಸಾಲಾಗಿ ಇಟ್ಟು, ಒಮ್ಮೆ ಬಿಗಿಯಾಗಿ ತಳ್ಳಿ ಅಳೆದು, ಒಮ್ಮೆ ಸಡಿಲವಾಗಿ ಎಳೆದು ಅಳೆದು, ಸರಾಸರಿ ತೆಗೆಯಬೇಕು. ಸಾಮಾನ್ಯವಾಗಿ ಅದು 320 ಮಿ.ಮೀ. ಆಸುಪಾಸು, ಹನ್ನೆರಡೂವರೆ ಇಂಚು. ಈ ಲೆಕ್ಕದಲ್ಲಿ ಒಂದು ಇಳಿಜಾರಿಗೆ 19 ಸಾಲು, ಎರಡಕ್ಕೂ ಸೇರಿ 1,596 ಅಡಿ ರೀಪು, ಕತ್ತರಿಕೆ ಸೇರಿ 1,675. ಸೂರಿನ ತುದಿಯ ಮೊದಲ ರೀಪು ಉಳಿದವಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು, ಇಲ್ಲದಿದ್ದರೆ ಮೊದಲ ಸಾಲು ಮೂಗು ಬಾಗಿ ನಿಲ್ಲುತ್ತದೆ. ಸೂರಿನ ಸಾಲು ಮತ್ತು ಎರಡೂ ಪಕ್ಕದ ಅಂಚಿನ ಪ್ರತಿ ಹಂಚನ್ನೂ ತಂತಿಯಿಂದ ರೀಪಿಗೆ ಕಟ್ಟಬೇಕು. ಗಾಳಿ ಎತ್ತುವುದು ಅಲ್ಲಿಂದಲೇ.

ನೆತ್ತಿಯ ಹಂಚಿನ ಕೆಳಗೆ ಗೌಂಡಿಗಳು ಹೆಚ್ಚು ಸಿಮೆಂಟ್ ಹಾಕಿದಷ್ಟೂ ಗಟ್ಟಿ ಎಂದುಕೊಳ್ಳುತ್ತಾರೆ. ಆಗುವುದು ತಿರುವುಮುರುವು. ಒಂದಕ್ಕೆ ಮೂರರ ಗಿಲಾವು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಉಸುಕು ಸಾಕು. ಅದನ್ನೂ ಹಂಚಿನ ಎರಡು ಅಂಚಿಗಷ್ಟೇ ಹಾಕಿ, ಹೊಟ್ಟೆ ಖಾಲಿ ಬಿಡಬೇಕು.

ಪತ್ರಾಸ್, ಸ್ಲ್ಯಾಬ್ ಏಕೆ ಬೇಡವಾಯಿತು

“ಹಂಚು ತೆಗೆದು ಪತ್ರಾಸ್ ಹಾಕಿಬಿಡಿ, ಅಗ್ಗ” ಎಂದು ಓಣಿಯಲ್ಲಿ ಎಲ್ಲರೂ ಹೇಳಿದರು. ಇದೇ ಮನೆಗೆ ಲೆಕ್ಕ ಹಾಕಿದರೆ: ಅರ್ಧ ಮಿ.ಮೀ. ದಪ್ಪದ ಬಣ್ಣದ ತಗಡು, ಪಕ್ಕದ ಜೋಡಣೆಯ ಮಡಿಕೆ ಸೇರಿ 1,660 ಚದರಡಿ, ಜಿಎಸ್‌ಟಿ ಮತ್ತು ಸಾಗಣೆ ಸೇರಿ 65ರಂತೆ 1,07,900. ಅದನ್ನು ಕೂಡ್ರಿಸಲು ಸುಮಾರು 400 ಕೆ.ಜಿ. ಕಬ್ಬಿಣದ ಚೌಕ ಪೈಪು, 38,000. ಸ್ಕ್ರೂ, ನೆತ್ತಿಯ ತಗಡು 5,000. ಕೂಲಿ 34,200. ಹಳೆಯ ಹಂಚು ಮಾರಿದರೆ ಬರುವ 7,500 ಕಳೆದರೂ 1,77,600. ಹಂಚಿನ ದಾರಿಯಲ್ಲಿ ಇದಕ್ಕೆ ಸಮನಾದ ಬಾಬ್ತುಗಳು, ಹಂಚು, ಸಾಗಣೆ, ರೀಪು, ಹೊದಿಸುವ ಕೂಲಿ, ಗಿಲಾವು ಸೇರಿ 1,61,200. ಪತ್ರಾಸೇ 16,400 ಹೆಚ್ಚಾಯಿತು. ಕೊಳೆತ 17 ಪಕಾಸಿ, ಟೊಳ್ಳಾದ ಅಡ್ಡ ಮರ, ಉದುರುವ ಗೋಡೆಯ ನೆತ್ತಿ ಎರಡೂ ದಾರಿಯಲ್ಲಿ ಬದಲಾಗಲೇಬೇಕು. ಕೆಳಗಿನ ಕೊಳೆತಕ್ಕೆ ಮೇಲಿನ ತಗಡು ಪರಿಹಾರವಲ್ಲ.

ಅಲ್ಲದೆ ಆರು ಟನ್ ಹಂಚು ಇಳಿಸಿ ಒಂದು ಟನ್ ತಗಡು–ಪೈಪು ಏರಿಸಿದರೆ ಚಾವಣಿಯನ್ನು ಕೆಳಗೆ ಹಿಡಿದಿಟ್ಟಿದ್ದ ಭಾರ ಹೋಯಿತು. ಆಗ ಪಕಾಸಿಗಳನ್ನು ಗೋಡೆಗೆ ಕಬ್ಬಿಣದ ಪಟ್ಟಿ, ಬೋಲ್ಟು ಹಾಕಿ ಬಿಗಿಯಬೇಕಾಗುತ್ತದೆ. ಮಣ್ಣಿನ ಗಿಲಾವಿನ ಗೋಡೆಯಲ್ಲಿ ಆ ಬೋಲ್ಟು ಹಿಡಿಯುವುದಿಲ್ಲ, ಸುತ್ತಲೂ ಕಾಂಕ್ರೀಟ್ ಪಟ್ಟಿ ಬೇಕು. ಏಪ್ರಿಲ್ ಬಿಸಿಲು, ಜುಲೈ ಮಳೆಯ ಸದ್ದು ತಡೆಯಲು ಕೆಳಗೊಂದು ಸೀಲಿಂಗ್ ಬೇಕು. ಹಂಚು ಪೂರ್ತಿ ಒಡೆದು ಹೋದ, ಮರವೂ ಹೋದ ಮನೆಗೆ ಲೆಕ್ಕ ಬೇರೆ ಬರಬಹುದು. ಅರ್ಧಕ್ಕಿಂತ ಹೆಚ್ಚು ಹಂಚು ಗಟ್ಟಿ ಇರುವ ಮನೆಗೆ ಬರುವುದಿಲ್ಲ.

ಸ್ಲ್ಯಾಬಿನ ಆಸೆ ಮನೆಯ ಮಗನಿಗೆ ಇತ್ತು. 32×42 ಅಡಿಗೆ ಐದು ಇಂಚಿನ ಸ್ಲ್ಯಾಬ್ ಎಂದರೆ ಸುಮಾರು 16 ಘನ ಮೀಟರ್ ಕಾಂಕ್ರೀಟ್, 40 ಟನ್ ಭಾರ. ಈಗಿನ ಚಾವಣಿ ಒದ್ದೆಯಾದಾಗಲೂ ಮರ, ಹಂಚು ಸೇರಿ ಸುಮಾರು 9 ಟನ್. ನಾಲ್ಕು ಪಟ್ಟಿಗೂ ಹೆಚ್ಚಿನ ಭಾರವನ್ನು ಮಣ್ಣಿನ ಗಿಲಾವಿನ ಕಲ್ಲುಗೋಡೆಯ ಮೇಲೆ ಹೇರುವುದು ಅಪಾಯ. 2019ರ ಆಗಸ್ಟ್ ಮಳೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಮನೆ ಬಿದ್ದದ್ದು ಜನರ ನೆನಪಿನಲ್ಲಿದೆ. ನೀರು ಕುಡಿದ ಮಣ್ಣಿನ ಗೋಡೆಗೆ ತನ್ನ ಭಾರ ಹೊರುವುದೇ ಕಷ್ಟ. ಸ್ಲ್ಯಾಬ್ ಬೇಕೆಂದರೆ ಅಡಿಪಾಯದಿಂದ ಕಾಲಮ್ ಎಬ್ಬಿಸಬೇಕು, ಅದು ಚಾವಣಿ ಬದಲಿಸುವ ಕೆಲಸವಲ್ಲ, ಮನೆ ಕಟ್ಟುವ ಕೆಲಸ. ಸ್ಟ್ರಕ್ಚರಲ್ ಎಂಜಿನಿಯರರ ನಕ್ಷೆ, ಮಹಾನಗರ ಪಾಲಿಕೆಯ ಪರವಾನಗಿ ಬೇಕು. ಇಲ್ಲಿ ಅದರ ಅಂದಾಜು 8.5 ಲಕ್ಷಕ್ಕೆ ಮುಟ್ಟಿತು, ಅಲ್ಲಿಗೆ ಮಾತು ನಿಂತಿತು.

ಯಾವಾಗ, ಹೇಗೆ ದುಡ್ಡು ಕೊಡಬೇಕು

ಬೆಳಗಾವಿಗೆ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ, ವಿಜಯಪುರ, ಬಾಗಲಕೋಟೆಗೆ ಅದರ ಅರ್ಧದ ಆಸುಪಾಸು. ಇಲ್ಲಿ ಮಿರಗ (ಮೃಗಶಿರ ಮಳೆ) ಕೂಡುವುದರೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ ಚಾವಣಿ ಮುಗಿಯಲೇಬೇಕು. ಇದು ಎಲ್ಲರಿಗೂ ಗೊತ್ತಿರುವುದರಿಂದಲೇ ಮೇ ತಿಂಗಳಲ್ಲಿ ಬಡಿಗೇರರು ಸಿಗುವುದಿಲ್ಲ, ಸಿಕ್ಕರೆ ಕೂಲಿ ಹೆಚ್ಚು. ಏಪ್ರಿಲ್–ಮೇ ಸಂಜೆಗಳ ಗುಡುಗು ಮಳೆ ಬಿಚ್ಚಿದ ಚಾವಣಿಯ ಮೇಲೆ ಬಂದರೆ ಮಣ್ಣಿನ ಗೋಡೆಯ ನೆತ್ತಿ ಒಂದೇ ತಾಸಿನಲ್ಲಿ ಕೆಸರಾಗುತ್ತದೆ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಮರವನ್ನು ಡಿಸೆಂಬರಿನಲ್ಲೇ ಕೊಂಡು ನೆರಳಲ್ಲಿ ಅಡ್ಡಪಟ್ಟಿ ಇಟ್ಟು ಪೇರಿಸಿದರೆ ಒಣಗುತ್ತದೆ, ಗೇರೆಣ್ಣೆ ಎರಡು ಸಲ ಬಳಿಯಲು ಸಮಯವೂ ಸಿಗುತ್ತದೆ. ಯಾವ ತಿಂಗಳೇ ಆಗಲಿ, ಒಂದು ದಿನದಲ್ಲಿ ಮುಚ್ಚಲು ಆಗುವಷ್ಟನ್ನೇ ಬಿಚ್ಚಬೇಕು, ತಾಡಪತ್ರಿ ಅಟ್ಟಣಿಗೆಯ ಮೇಲೆಯೇ ಸುತ್ತಿಟ್ಟಿರಬೇಕು.

ಬಚ್ಚಲಿನ ಸಿಮೆಂಟ್ ಪತ್ರಾಸಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇರುವುದರಿಂದ ಅದನ್ನು ಒಡೆಯದೆ, ಕೊರೆಯದೆ, ನೀರು ಚಿಮುಕಿಸಿ ಇಡಿಯಾಗಿ ಕೆಳಗಿಳಿಸಿದರು. ಸಂದಿಗೆ ಈ ಸಲ ಸಿಮೆಂಟ್ ತುಂಬಲಿಲ್ಲ. ಗೋಡೆಯಲ್ಲಿ ಎರಡು ಇಂಚು ತೋಡು ಕೊರೆದು, ಸತುವಿನ ಲೇಪದ ತಗಡನ್ನು ಅದರೊಳಗೆ ಸಿಕ್ಕಿಸಿ, ಹೊಸ ಪತ್ರಾಸಿನ ಮೇಲೆ ಆರು ಇಂಚು ಇಳಿಬಿಟ್ಟರು. ತಗಡು ಗೋಡೆಗೆ ಮಾತ್ರ ಕಚ್ಚಿರುತ್ತದೆ, ಪತ್ರಾಸ್ ಕೆಳಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗಬಹುದು.

ಹಣದ ಕಂತುಗಳನ್ನು ದಿನಗಳಿಗಲ್ಲ, ಕೆಲಸದ ಹಂತಕ್ಕೆ ಕಟ್ಟಬೇಕು: ಮರ ಮನೆ ಬಾಗಿಲಿಗೆ ಬಂದಾಗ ಒಂದು ಕಂತು, ಪಕಾಸಿ ರೀಪು ಮುಗಿದು ಹಂಚು ಏರಿಸುವ ಮುನ್ನ ಒಂದು, ನೆತ್ತಿ ಮುಗಿದಾಗ ಒಂದು. ಎರಡನೆಯದೇ ಮುಖ್ಯ, ಹಂಚು ಹೊದಿಸಿದ ಮೇಲೆ ಯಾವ ಪಕಾಸಿ ಹೊಸದು, ಯಾವುದು ಹಳೆಯದು ಎಂದು ಯಾರೂ ಮೇಲಿನಿಂದ ಎಣಿಸಲಾರರು. ಕೊಳೆತ ಮರಕ್ಕೆ ಮುಂಚೆಯೇ ಒಂದು ಘನ ಅಡಿಗೆ ಇಷ್ಟು ಎಂದು ದರ ಗೊತ್ತು ಮಾಡಿ, ಬಿಚ್ಚಿದ ಮೇಲೆ ಇಬ್ಬರೂ ನಿಂತು ಎಣಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆಯಬೇಕು. ಅಂದಾಜಿನ ಮೇಲೆ ಶೇ. 15ರಷ್ಟು ಹಣ ಬೇರೆ ತೆಗೆದಿಡಬೇಕು. ಕೊನೆಯ ಶೇ. 10ನ್ನು ಮೊದಲ ದೊಡ್ಡ ಮಳೆಯ ಮಾರನೆಯ ದಿನ, ಹಿಂದಿನ ಗೋಡೆಯ ನೆತ್ತಿ, ಬಚ್ಚಲಿನ ಸಂದಿ, ಎರಡು ಪಕ್ಕದ ಅಂಚು ಒಣಗಿರುವುದನ್ನು ಕೈ ಇಟ್ಟು ನೋಡಿದ ಮೇಲೆ ಕೊಡುವುದೆಂದು ಮೊದಲೇ ಬರೆದುಕೊಳ್ಳಬೇಕು.